ಕೋಲ್ಡ್ ಏರ್ ಇನ್‌ಟೇಕ್‌ಗೆ ನೀರು ತಡೆಯುವ ಸಾಕ್ಸ್: ಮೂರು ಮಳೆಗಾಲ ಬಳಸಿದ ಮೇಲೆ

ಕಾರಿನ ಏರ್ ಫಿಲ್ಟರ್ ಒಳಗೆ ನೀರು ಹೋಗದಂತೆ ಮೇಲೆ ಹಾಕುವ ಬಟ್ಟೆಯ ಹೊದಿಕೆಗೆ ಸಾಕ್ಸ್ ಅನ್ನುತ್ತಾರೆ. ಈ ಸಾಕ್ಸ್ ಕೊಳ್ಳುವ ಮುಂಚೆ ನಾನು ಓದಿದ ವಿಮರ್ಶೆಗಳೆಲ್ಲ ಹಾಕಿಸಿದ ವಾರದಲ್ಲೇ ಬರೆದವು. "ಫಿಟ್ಟಿಂಗ್ ಚೆನ್ನಾಗಿದೆ, ನೋಡೋಕೂ ಚೆನ್ನಾಗಿದೆ" ಅಂತ ಐದು ಸ್ಟಾರ್. ಮಳೆಯಲ್ಲಿ ಏನಾಯಿತು ಅಂತ ಯಾರೂ ಬರೆದಿರಲಿಲ್ಲ. ನನಗೆ ಬೇಕಿದ್ದದ್ದು ಅದೊಂದೇ ಉತ್ತರ. ಈಗ 2023, 2024, 2025, ಮೂರು ಮಳೆಗಾಲ ಕಂಡಿದ್ದೇನೆ. ನನಗೆ ಸಿಗದ ಉತ್ತರ ನಿಮಗಾದರೂ ಸಿಗಲಿ ಅಂತ ಬರೆಯುತ್ತಿದ್ದೇನೆ.

ಕಾರು 2015ರ ಹೋಂಡಾ ಸಿಟಿ, 1.5 ಲೀಟರ್ ಪೆಟ್ರೋಲ್. ಓಡುವುದು ಬೆಂಗಳೂರಿನಲ್ಲಿ, ವರ್ಷಕ್ಕೆ ಮೂರು ನಾಲ್ಕು ಸಲ ಶೃಂಗೇರಿ ಕಡೆ. 2021ರ ಜನವರಿಯಲ್ಲಿ ಕೋಲ್ಡ್ ಏರ್ ಇನ್‌ಟೇಕ್, ಅಂದ್ರೆ ಎಂಜಿನ್‌ಗೆ ತಣ್ಣಗಿನ ಗಾಳಿ ಎಳೆದುಕೊಡುವ ಪೈಪ್, ಹಾಕಿಸಿದೆ. ಕಂಪನಿಯ ಏರ್‌ಬಾಕ್ಸ್ (ಎಂಜಿನ್‌ಗೆ ಗಾಳಿ ಸೋಸಿ ಕೊಡುವ ಡಬ್ಬಿ) ತೆಗೆದು ಉದ್ದನೆಯ ಅಲ್ಯೂಮಿನಿಯಂ ಪೈಪ್. ಪೈಪ್‌ನ ತುದಿಯಲ್ಲಿ ಶಂಕುವಿನ ಆಕಾರದ ಫಿಲ್ಟರ್. ಅದು ಎಂಜಿನ್ ಬಿಸಿಯಿಂದ ದೂರ ಇರಲಿ ಅಂತ ಬಂಪರ್ ಹಿಂದೆ, ಎಡ ಫೆಂಡರ್ ಒಳಗೆ, ಫಾಗ್ ಲ್ಯಾಂಪ್ ಹತ್ತಿರ ಕೂತಿರುತ್ತದೆ. ತಣ್ಣಗಿನ ಗಾಳಿ ದಟ್ಟವಾಗಿರುತ್ತದೆ, ಅದರಲ್ಲಿ ಆಮ್ಲಜನಕ ಜಾಸ್ತಿ, ಅದಕ್ಕೇ ಈ ಏರ್ಪಾಡು. ನಿಜ ಹೇಳಬೇಕು ಅಂದ್ರೆ ಶಕ್ತಿಯಲ್ಲಿ ನನಗೆ ಗೊತ್ತಾದ ವ್ಯತ್ಯಾಸ ಸ್ವಲ್ಪವೇ. ಮೈಲೇಜ್ ನನ್ನ ಪುಸ್ತಕದ ಲೆಕ್ಕದಲ್ಲಿ ಬದಲಾಗಲೇ ಇಲ್ಲ. ಆದರೆ 4,000 ಆರ್‌ಪಿಎಂ ದಾಟಿದಾಗ ಬರುವ ಆ ಗಂಟಲಿನ ದನಿ ನನಗೆ ತುಂಬಾ ಇಷ್ಟ. ಅದಕ್ಕೋಸ್ಕರವೇ ಇವತ್ತಿಗೂ ಇಟ್ಟುಕೊಂಡಿದ್ದೇನೆ.

ತಣ್ಣಗಿನ ಗಾಳಿ ಸಿಗುವ ಜಾಗವೇ ನೀರಿಗೂ ಹತ್ತಿರದ ಜಾಗ. ಸಮಸ್ಯೆ ಇರುವುದು ಇಲ್ಲೇ. ಟೇಪ್ ಹಿಡಿದು ಅಳೆದೆ. ಫಿಲ್ಟರ್‌ನ ಕೆಳ ಅಂಚು ರಸ್ತೆಯಿಂದ 26 ಸೆಂ.ಮೀ. ಚಕ್ರದ ನಡುಭಾಗ 30 ಸೆಂ.ಮೀ. ಕಂಪನಿ ಕೊಟ್ಟ ಏರ್‌ಬಾಕ್ಸ್‌ನ ಬಾಯಿ 68 ಸೆಂ.ಮೀ. ಅಂದ್ರೆ ಪಕ್ಕದ ಕಾರಿನವರು ಚಕ್ರದ ಅರ್ಧದವರೆಗಿನ ನೀರಿನಲ್ಲಿ ನಿಧಾನಕ್ಕೆ ದಾಟಿ ಹೋಗುವಾಗ, ನನ್ನ ಕಾರಿನ ಮೂಗು ಆಗಲೇ ನೀರಿನೊಳಗೆ.

2022ರ ಸೆಪ್ಟೆಂಬರ್ 5, ಸೋಮವಾರ. ಹಿಂದಿನ ರಾತ್ರಿಯ ಮಳೆಗೆ ಬೆಳ್ಳಂದೂರು, ಸರ್ಜಾಪುರ ರಸ್ತೆ, ಔಟರ್ ರಿಂಗ್ ರೋಡ್ ಎಲ್ಲ ಕೆರೆಯಾಗಿತ್ತು. ಆಫೀಸಿಗೆ ಹೋಗುವವರು ಟ್ರ್ಯಾಕ್ಟರ್ ಏರಿ ಹೋದ ದಿನಗಳು ಅವು, ನೆನಪಿದೆ ಅಲ್ವಾ? ನನ್ನ ಮುಂದೆ ಇದ್ದ ನೀರು ಅಷ್ಟು ಆಳ ಇರಲಿಲ್ಲ. ಪಾದ ಮುಳುಗುವಷ್ಟು, ಇನ್ನೂ ಸ್ವಲ್ಪ ಮೇಲೆ. ನಿಧಾನಕ್ಕೆ ಹೋಗುತ್ತಿದ್ದೆ. ಎದುರಿಗೆ ದೊಡ್ಡ ಬಸ್ಸೊಂದು ಬಂತು. ಅದು ತಳ್ಳಿದ ಅಲೆ ನನ್ನ ಬಂಪರ್‌ಗೆ ಬಡಿದು ಬಾನೆಟ್ ಅಂಚಿನವರೆಗೂ ಏರಿತು. ಎಂಜಿನ್ ಒಂದು ಸಲ ಕೆಮ್ಮಿತು. ನಾನು ಯೋಚನೆ ಮಾಡದೆ ಕೀ ತಿರುಗಿಸಿ ಆಫ್ ಮಾಡಿಬಿಟ್ಟೆ. ಮತ್ತೆ ಸ್ಟಾರ್ಟ್ ಮಾಡಲಿಲ್ಲ. ಆ ಎರಡು ಕೆಲಸದಿಂದ ಎಂಜಿನ್ ಉಳಿಯಿತು.

ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಇದು ಗೊತ್ತಿದ್ದರೆ ಮುಂದಿನದೆಲ್ಲ ಸುಲಭ. ಗಾಳಿಯನ್ನು ಒತ್ತಿದರೆ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಈ ಎಂಜಿನ್‌ನಲ್ಲಿ ಒಂದೊಂದು ಸಿಲಿಂಡರ್ ಸುಮಾರು 374 ಸಿಸಿ. ಕಂಪ್ರೆಷನ್ ರೇಶಿಯೋ 10ರ ಆಸುಪಾಸು, ಅಂದ್ರೆ ಪಿಸ್ಟನ್ ಒಳಗಿನ ಗಾಳಿಯನ್ನು ಸುಮಾರು ಹತ್ತನೇ ಒಂದು ಭಾಗದ ಜಾಗಕ್ಕೆ ಒತ್ತುತ್ತದೆ. ಲೆಕ್ಕ ಹಾಕಿದರೆ, ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಉಳಿಯುವ ಜಾಗ ಸುಮಾರು 40 ಮಿ.ಲೀ. ದರ್ಶಿನಿಯ ಬೈಟು ಕಾಫಿಗಿಂತ ಕಡಿಮೆ. ಅದಕ್ಕಿಂತ ಜಾಸ್ತಿ ನೀರು ಒಳಗೆ ಹೋದರೆ ಪಿಸ್ಟನ್‌ಗೆ ಮೇಲೆ ಬರಲು ಜಾಗವೇ ಇಲ್ಲ. ಪಿಸ್ಟನ್ ಅನ್ನು ಕೆಳಗಿನಿಂದ ತಳ್ಳುವ ಕನೆಕ್ಟಿಂಗ್ ರಾಡ್ ಬಾಗುತ್ತದೆ. ವೇಗ ಜಾಸ್ತಿ ಇದ್ದರೆ ಮುರಿದು ಬ್ಲಾಕ್ ಸೀಳಿಕೊಂಡು ಹೊರಗೇ ಬರಬಹುದು. ಇದನ್ನೇ ಹೈಡ್ರೋಲಾಕ್ ಅನ್ನುವುದು. ಡೀಸೆಲ್‌ನಲ್ಲಿ ಆ ಜಾಗ ಇನ್ನೂ ಕಮ್ಮಿ.

ಫ್ಲಾಟ್‌ಬೆಡ್ ಮೇಲೆ ಕಾರು ಗ್ಯಾರೇಜಿಗೆ ಹೋಯಿತು. ಮೆಕ್ಯಾನಿಕ್ ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿ, ಇಂಧನದ ಫ್ಯೂಸ್ ತೆಗೆದು, ಸೆಲ್ಫ್ ಹೊಡೆದರು. ಎರಡು ತೂತಿನಿಂದ ಪಿಚಕಾರಿ ಹಾಗೆ ನೀರು ಚಿಮ್ಮಿತು. ಉಸಿರು ಹಿಡಿದು ನಿಂತಿದ್ದೆ. ರಾಡ್‌ಗಳು ಸರಿ ಇದ್ದವು. ಡಿಪ್‌ಸ್ಟಿಕ್‌ನಲ್ಲಿ ಎಣ್ಣೆ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿರಲಿಲ್ಲ, ಅಂದ್ರೆ ಅದಕ್ಕೆ ನೀರು ಬೆರೆತಂತೆ ಕಾಣಲಿಲ್ಲ, ಆದರೂ ಬದಲಾಯಿಸಿದೆವು. ಫೆಂಡರ್ ನೋಡಿದಾಗ ಇನ್ನೊಂದು ವಿಷಯ ಹೊರಬಂತು. ಅದಕ್ಕೂ ಮುಂಚೆ ಬೇರೊಂದು ಗ್ಯಾರೇಜಿನಲ್ಲಿ ಬಂಪರ್ ಬಿಚ್ಚಿದ್ದರು. ಚಕ್ರದ ಮೇಲಿನ ಪ್ಲಾಸ್ಟಿಕ್ ಲೈನರ್‌ಗೆ ಮೂರು ಕ್ಲಿಪ್ ಹಾಕದೆ ಬಿಟ್ಟಿದ್ದರು. ಅಂದ್ರೆ ಅಷ್ಟು ದಿನವೂ ಚಕ್ರ ಎರಚುವ ನೀರು ನೇರ ಫಿಲ್ಟರ್‌ಗೇ ಬೀಳುತ್ತಿತ್ತು. ನಿಮ್ಮ ಕಾರಿನಲ್ಲೂ ಇಂಥ ಪೈಪ್ ಇದ್ದರೆ ಮೊದಲು ಈ ಲೈನರ್ ನೋಡಿ. ಕ್ಲಿಪ್ ಒಂದಕ್ಕೆ ಕೆಲವೇ ರೂಪಾಯಿ.

ಇಷ್ಟಾದ ಮೇಲೆ ಸಾಕ್ಸ್ ತಂದೆ. ಇಂಥದ್ದನ್ನು ಕೆ ಅಂಡ್ ಎನ್‌ನವರು ಡ್ರೈಚಾರ್ಜರ್ ಅಂತ, ಇಂಜೆನ್‌ನವರು ಹೈಡ್ರೋ-ಶೀಲ್ಡ್ ಅಂತ ಮಾರುತ್ತಾರೆ. ನನ್ನದು ಯಾವುದು ಅನ್ನುವುದು ಮುಖ್ಯ ಅಲ್ಲ, ಎಲ್ಲದರ ಕೆಲಸ ಒಂದೇ. ತೆಳುವಾದ ಪಾಲಿಯೆಸ್ಟರ್ ಬಟ್ಟೆ, ಮೇಲೆ ನೀರು ಅಂಟದ ಲೇಪ, ಫಿಲ್ಟರ್ ಮೇಲೆ ಟೋಪಿ ಹಾಗೆ ಎಳೆದು ಹಾಕುವುದು. ಬಂದ ದಿನ ಅಂಗಳದಲ್ಲಿ ಚೊಂಬಿನಿಂದ ನೀರು ಹೊಯ್ದು ನೋಡಿದೆ. ಕೆಸುವಿನೆಲೆ ಮೇಲಿನ ಹನಿ ಹಾಗೆ ಗುಂಡಗಾಗಿ ಉರುಳಿ ಹೋಯಿತು. ಕೈಯಲ್ಲಿ ಮುಟ್ಟಿದರೆ ಒಳಗಿನ ಫಿಲ್ಟರ್ ಒಣಗೇ ಇತ್ತು.

ಆದರೆ ಎಂಜಿನ್ ಸುಮ್ನೆ ಕೂತಿರುವುದಿಲ್ಲವಲ್ಲ, ಅದು ಎಳೆಯುತ್ತದೆ. ಹಾಗಾಗಿ ತಮ್ಮನ ಮನೆಯಿಂದ ನೀರನ್ನೂ ಎಳೆಯುವ ವ್ಯಾಕ್ಯೂಮ್ ಕ್ಲೀನರ್ ತಂದೆ. ಅದರ ಮೆದುಗೊಳವೆಗೆ ಸಾಕ್ಸ್ ಹಾಕಿದ ಫಿಲ್ಟರ್ ಕಟ್ಟಿ ಮೂರು ಥರ ಪರೀಕ್ಷೆ ಮಾಡಿದೆ. ಎಳೆತ ಇರುವಾಗಲೇ ನಲ್ಲಿಯ ಪೈಪಿನಿಂದ ಅದರ ಮೇಲೆ ಎರಡು ನಿಮಿಷ ನೀರು ಎರಚಿದೆ. ಒಳಗೆ ಅಲ್ಲಲ್ಲಿ ತೇವ, ಅಷ್ಟೇ. ಆಮೇಲೆ ಬಕೆಟ್‌ನಲ್ಲಿ ಅರ್ಧ ಮುಳುಗಿಸಿದೆ. ಮೇಲಿನ ಅರ್ಧದಿಂದ ಗಾಳಿ ಬರುತ್ತಿದ್ದುದರಿಂದ ಕೆಳಗಿನ ಬಟ್ಟೆ ನೀರನ್ನು ಹೆಚ್ಚುಕಡಿಮೆ ತಡೆಯಿತು. ಪೂರ್ತಿ ಮುಳುಗಿಸಿದ ಕೂಡಲೇ, ಐದು ಎಣಿಸುವಷ್ಟರಲ್ಲಿ, ಗೊಳಗೊಳ ಅಂತ ನೀರು ಒಳಗೆ ಹೋಯಿತು. ಗಾಳಿಗೆ ದಾರಿಯೇ ಇಲ್ಲದಾಗ ಎಳೆತದ ಮುಂದೆ ಯಾವ ಲೇಪವೂ ನಿಲ್ಲುವುದಿಲ್ಲ. ಈ ಮೂರು ವರ್ಷದಲ್ಲಿ ರಸ್ತೆಯ ಮೇಲೆ ನಾನು ಕಂಡದ್ದೂ ಆ ಬಕೆಟ್ ಹೇಳಿದ್ದನ್ನೇ: ಎರಚುವ ನೀರಿಗೆ ಸಾಕ್ಸ್ ಸಾಕು, ನಿಂತ ನೀರಿಗೆ ಬೇಕಿರುವುದು ಎತ್ತರ.

ಮೊದಲ ಮಳೆಗಾಲದಲ್ಲಿ ಸಾಕ್ಸ್ ಹಾಕಿಕೊಂಡೇ ಜುಲೈನಲ್ಲಿ ಶೃಂಗೇರಿಗೆ ಹೋದೆ, ಆಗುಂಬೆ ಇಳಿದು ಉಡುಪಿವರೆಗೂ. ಆ ದಾರಿಯ ಮಳೆ ಗೊತ್ತಲ್ಲ, ವೈಪರ್ ಎಷ್ಟು ಜೋರಾಗಿ ಹೊಡೆದುಕೊಂಡರೂ ಸಾಲದು. ಲಾರಿಗಳ ಹಿಂದೆ ಎರಡು ಗಂಟೆ ಕೆಂಪು ನೀರು ಎರಚಿಸಿಕೊಂಡು ಹೋಗಿ, ಉಡುಪಿಯಲ್ಲಿ ಲೈನರ್ ಸರಿಸಿ ಕೈ ಹಾಕಿ ನೋಡಿದೆ. ಸಾಕ್ಸ್ ಮೇಲೆ ಕೆಸರಿನ ಪದರ. ಒಳಗೆ ಫಿಲ್ಟರ್ ಒಣಗಿತ್ತು. ಘಟ್ಟದ ಮಳೆಗೆ ಈ ಬಟ್ಟೆ ನೂರಕ್ಕೆ ನೂರು ಅಂಕ ತಗೊಳ್ಳುತ್ತದೆ. ಅಲ್ಲಿ ನೀರು ಸುರಿಯುತ್ತದೆ, ಆದರೆ ರಸ್ತೆಯ ಮೇಲೆ ನಿಲ್ಲದೆ ಹರಿದು ಹೋಗುತ್ತದೆ.

ಬೆಂಗಳೂರಿನಲ್ಲಿ ಹಾಗಲ್ಲ. ಇಲ್ಲಿ ಅರ್ಧ ಗಂಟೆ ಮಳೆ ಬಂದರೆ ಅಂಡರ್‌ಪಾಸ್ ತುಂಬುತ್ತದೆ. 2023ರ ಮೇ ತಿಂಗಳಲ್ಲಿ ಕೆ.ಆರ್. ಸರ್ಕಲ್ ಅಂಡರ್‌ಪಾಸ್‌ನಲ್ಲಿ ಕಾರು ಮುಳುಗಿ ಒಬ್ಬ ಯುವತಿ ಪ್ರಾಣ ಕಳೆದುಕೊಂಡರು. ಅದಾದ ಮೇಲೆ ಅಂಡರ್‌ಪಾಸ್‌ನಲ್ಲಿ ನೀರು ಕಂಡರೆ ನನಗೆ ಎಂಜಿನ್ ನೆನಪೇ ಆಗುವುದಿಲ್ಲ, ನೇರ ವಾಪಸ್ ತಿರುಗಿಸುತ್ತೇನೆ.

ನಿಂತ ನೀರಿಗೆ ನಾನು ಕಂಡುಕೊಂಡ ಉಪಾಯ ಪೈಪಿನಲ್ಲೇ ಇತ್ತು. ನನ್ನ ಕಿಟ್‌ನಲ್ಲಿ ಪೈಪ್ ಎರಡು ತುಂಡು, ನಡುವೆ ಸಿಲಿಕೋನ್ ಜಾಯಿಂಟ್. ಕೆಳಗಿನ ತುಂಡು ತೆಗೆದು ಫಿಲ್ಟರನ್ನು ಮೇಲಿನ ತುಂಡಿಗೇ ಕ್ಲಾಂಪ್ ಮಾಡಿದರೆ ಅದು ಬಾನೆಟ್ ಕೆಳಗೆ, ನೆಲದಿಂದ 64 ಸೆಂ.ಮೀ. ಎತ್ತರಕ್ಕೆ ಬರುತ್ತದೆ. ಎರಡು ಕ್ಲಾಂಪ್, ಒಂದು ಬ್ರಾಕೆಟ್ ಬೋಲ್ಟ್. ಬಂಪರ್ ಬಿಚ್ಚದೆ ಲೈನರ್ ಕಡೆಯಿಂದ ಮಾಡಿದರೆ ಮುಕ್ಕಾಲು ಗಂಟೆ ಸಾಕು. ಫಿಲ್ಟರ್ ಮೇಲೆ ಸಾಕ್ಸ್ ಹಾಗೇ ಇರುತ್ತದೆ. ಇದರಲ್ಲಿ ನಷ್ಟವೂ ಇದೆ. ಟ್ರಾಫಿಕ್‌ನಲ್ಲಿ ನಿಂತಾಗ ಎಂಜಿನ್ನಿನ ಬಿಸಿ ಗಾಳಿಯನ್ನೇ ಎಳೆಯುತ್ತದೆ, ಸಿಗ್ನಲ್ ಬಿಟ್ಟಾಗ ಕಾರು ಸ್ವಲ್ಪ ಜಡ ಅನ್ನಿಸುತ್ತದೆ. ಒಪ್ಪಿಕೊಂಡಿದ್ದೇನೆ.

ಮೊದಲು ಜೂನ್ ಒಂದಕ್ಕೆ ಬದಲಾಯಿಸುತ್ತಿದ್ದೆ. ಅದು ತಪ್ಪು ಲೆಕ್ಕ. 2025ರ ಮೇನಲ್ಲಿ, ಮುಂಗಾರು ಬರುವ ಮುಂಚೆಯೇ, ಸಾಯಿ ಲೇಔಟ್, ಮಾನ್ಯತಾ ಟೆಕ್ ಪಾರ್ಕ್ ಕಡೆ ನೀರು ನುಗ್ಗಿತು. ಆ ವಾರ ನನ್ನ ಪೈಪ್ ಇನ್ನೂ ಕೆಳಗೇ ಇತ್ತು. ಎರಡು ದಿನ ಕಾರು ತೆಗೆಯಲೇ ಇಲ್ಲ. ಈಗ ಯುಗಾದಿ ಮುಗಿದ ವಾರವೇ ಕೆಳಗಿನ ತುಂಡು ಬಿಚ್ಚುತ್ತೇನೆ. ಬೇಸಿಗೆಯಲ್ಲೇ ತಣ್ಣಗಿನ ಗಾಳಿ ತಪ್ಪುತ್ತದೆ ಅನ್ನುವ ಬೇಜಾರು ಇದ್ದೇ ಇದೆ.

ಬೈಪಾಸ್ ವಾಲ್ವ್ ಬಗ್ಗೆ ಕೇಳುವವರು ಜಾಸ್ತಿ. ಎಇಎಂ ಕಂಪನಿಯ ಹೆಸರಿನಲ್ಲಿ ಪ್ರಸಿದ್ಧವಾದದ್ದು ಇದು. ಪೈಪಿನ ಮಧ್ಯೆ ಎತ್ತರದ ಜಾಗದಲ್ಲಿ ಕೂರಿಸುತ್ತಾರೆ. ಕೆಳಗೆ ಫಿಲ್ಟರ್ ಮುಳುಗಿ ಎಳೆತ ಜಾಸ್ತಿಯಾದರೆ ಅದು ತೆರೆದುಕೊಂಡು ಮೇಲಿನಿಂದ ಗಾಳಿ ಕೊಡುತ್ತದೆ. ನೀರು ಪೈಪಿನಲ್ಲಿ ಮೇಲೆ ಏರುವುದಿಲ್ಲ. ಉಪಾಯ ಒಳ್ಳೆಯದೇ. ಆದರೆ ಪೈಪ್ ಕತ್ತರಿಸಬೇಕು, ನೀರು ವಾಲ್ವ್‌ವರೆಗೂ ಏರಿದರೆ ಕೆಲಸ ಮಾಡುವುದಿಲ್ಲ, ಮತ್ತೆ ಟರ್ಬೊ ಎಂಜಿನ್‌ಗೆ ಇದು ಆಗುವುದೇ ಇಲ್ಲ. ನಾನು ಕತ್ತರಿಸಲು ಮನಸ್ಸು ಮಾಡಲಿಲ್ಲ.

ಸಾಕ್ಸ್‌ನ ಬಾಳಿಕೆ ಹೇಳಿಬಿಡುತ್ತೇನೆ. ಎರಡು ಮಳೆಗಾಲ ಚೆನ್ನಾಗಿತ್ತು. ಮೂರನೆಯದು ಶುರುವಾಗುವಾಗ ಚೊಂಬಿನ ಪರೀಕ್ಷೆಯಲ್ಲಿ ಹನಿ ಉರುಳಲಿಲ್ಲ, ಚಪ್ಪಟೆಯಾಗಿ ಹರಡಿತು. ಬಟ್ಟೆ ಹರಿದಿಲ್ಲ, ಲೇಪ ಹೋಗಿದೆ. ಆಗ ಹೊಸದು ತಂದೆ. ತೊಳೆಯುವಾಗ ಬ್ರಶ್ ಹಾಕಬೇಡಿ. ತಣ್ಣೀರು, ಸ್ವಲ್ಪ ಸೋಪು, ನೆರಳಲ್ಲಿ ಒಣಗಿಸಿ. ಬೇಸಿಗೆಯಲ್ಲಿ ಧೂಳು ಕೂತು ಗಾಳಿಯ ದಾರಿ ಕಟ್ಟುತ್ತದೆ, ಅದಕ್ಕೆ ತಿಂಗಳಿಗೊಮ್ಮೆ ಕೊಡವಬೇಕು. ಒಳಗಿನ ಕಾಟನ್ ಫಿಲ್ಟರ್‌ಗೆ ಎಣ್ಣೆ ಹಾಕುವವರು ಮಿತವಾಗಿ ಹಾಕಿ. ಜಾಸ್ತಿಯಾದರೆ ಗಾಳಿ ಅಳೆಯುವ ಸೆನ್ಸರ್ ಇರುವ ಕಾರುಗಳಲ್ಲಿ ಅದರ ತಂತಿಗೆ ಹತ್ತಿಕೊಂಡು ತೊಂದರೆ ಕೊಡುತ್ತದೆ.

ಇನ್ಶೂರೆನ್ಸ್ ಬಗ್ಗೆ ಒಂದು ಮಾತು. ನೀರು ಕುಡಿದ ಎಂಜಿನ್‌ಗೆ ಸಾಮಾನ್ಯ ಪಾಲಿಸಿಯಲ್ಲಿ ದುಡ್ಡು ಸಿಗುವುದು ಕಷ್ಟ. ಎಂಜಿನ್ ಪ್ರೊಟೆಕ್ಟ್ ಅನ್ನುವ ಆಡ್-ಆನ್ ಬೇರೆಯೇ ತಗೊಳ್ಳಬೇಕು, ಹಳೆ ಕಾರಿಗೆ ಎಲ್ಲರೂ ಕೊಡುವುದಿಲ್ಲ. ಇನ್‌ಟೇಕ್ ಬದಲಾಯಿಸಿರುವುದನ್ನು ಅವರಿಗೆ ಮೊದಲೇ ತಿಳಿಸಿಡಿ.

ಕೊಳ್ಳಬಹುದೇ? ಮಲೆನಾಡು, ಕರಾವಳಿ ಕಡೆ ಓಡಿಸುವವರು ಕಣ್ಣು ಮುಚ್ಚಿ ಕೊಳ್ಳಿ. ಬೆಂಗಳೂರಿನವರು ಕೊಳ್ಳಿ, ಜೊತೆಗೆ ಪೈಪ್ ಎತ್ತರಿಸುವ ದಾರಿ ಇದೆಯಾ ನೋಡಿಕೊಳ್ಳಿ. ಒಂದೇ ತುಂಡಿನ ಪೈಪ್ ಆದರೆ ಮಳೆಗಾಲಕ್ಕೆ ಕಂಪನಿಯ ಏರ್‌ಬಾಕ್ಸ್ ವಾಪಸ್ ಹಾಕಿ, ಅದನ್ನು ಗುಜರಿಗೆ ಕೊಡಬೇಡಿ. ನನ್ನ ಕೆಳಗಿನ ತುಂಡು ಈಗ ಗೋಣಿಚೀಲದಲ್ಲಿ ಸುತ್ತಿಕೊಂಡು ಅಟ್ಟದ ಮೇಲಿದೆ. ದೀಪಾವಳಿ ಕಳೆದು ಮಳೆ ಪೂರ್ತಿ ಹೋದ ಮೇಲೆ ಇಳಿಸುತ್ತೇನೆ.