ಅತ್ತೂರು ಬಸಿಲಿಕ: ಜಾತ್ರೆ ಬಿಟ್ಟು ಬೇರೆ ದಿನ ಹೋಗಿ

ಕಾರ್ಕಳದ ಹತ್ತಿರದ ಅತ್ತೂರು ಸಂತ ಲಾರೆನ್ಸರ ಬಸಿಲಿಕಕ್ಕೆ, ಅಂದರೆ ಅಲ್ಲಿನ ಕ್ಯಾಥೊಲಿಕ್ ಚರ್ಚಿಗೆ, ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಅಪ್ಪ ತೀರಿಕೊಂಡ ಮೇಲೆ ಅಮ್ಮ ಯಾರ ಹತ್ತಿರವೂ ಸರಿಯಾಗಿ ಮಾತಾಡ್ತಿರಲಿಲ್ಲ. ಜನವರಿಯ ಜಾತ್ರೆ, ಅದೇ ಸಾಂತ್‌ಮಾರಿ, ನೋಡುವುದಕ್ಕೇನೋ ಚೆಂದ. ಆದರೆ ಮನಸ್ಸಿಗೆ ನೆಮ್ಮದಿ ಬೇಕು ಅಂತ ಹೋಗುವವರಿಗೆ ಆ ನೂಕುನುಗ್ಗಲು ಯಾಕೆ? ನಾವು ಮಳೆಗಾಲದ ಒಂದು ಮಾಮೂಲಿ ದಿನ ಹೋದೆವು.

ಅಮ್ಮ ನೇರವಾಗಿ ಪಾಪನಿವೇದನೆಗೆ, ಅಂದರೆ ಫಾದರ್ ಹತ್ತಿರ ತಪ್ಪುಗಳನ್ನು ಹೇಳಿಕೊಂಡು ಕ್ಷಮೆ ಪಡೆಯುವುದಕ್ಕೆ, ಹೋದರು. ಒಳಗೆ ಏನು ಹೇಳಿದರೋ ಕೇಳಲಿಲ್ಲ, ಕೇಳಲೂಬಾರದು. ಫಾದರ್ ಕೂಡ ಅದನ್ನು ಯಾರಿಗೂ ಹೇಳುವಂತಿಲ್ಲ. ಕ್ಯಾಥೊಲಿಕ್ ಸಭೆಯ ಕಟ್ಟುನಿಟ್ಟಾದ ನಿಯಮ ಅದು. ದುಡ್ಡು ಕೊಟ್ಟು ಹೋಗುವ ಕೌನ್ಸೆಲಿಂಗ್‌ಗಿಂತ ಅಮ್ಮನಿಗೆ ಇದೇ ಒಗ್ಗಿತು. ಹೊರಗೆ ಬಂದವರೇ ಅಪ್ಪನ ಹೆಸರಲ್ಲಿ ಮೇಣದಬತ್ತಿ ಹಚ್ಚಿದರು. ಗಾಳಿಗೆ ಆರಿತು. ಪಕ್ಕದಲ್ಲಿ ಹರಕೆಗೆ ಬಂದಿದ್ದ ಹಿಂದೂ ಹೆಂಗಸೊಬ್ಬರು ತಮ್ಮ ಬತ್ತಿಯಿಂದ ಮತ್ತೆ ಹಚ್ಚಿಕೊಟ್ಟರು. ಇಲ್ಲಿ ಇದೇನೂ ವಿಶೇಷವಲ್ಲ, ಎಲ್ಲ ಜಾತಿಯವರೂ ಬರುತ್ತಾರೆ. ಪುಷ್ಕರಿಣಿಯ ನೀರನ್ನು ಬಾಟಲಿಯಲ್ಲಿ ತುಂಬಿಕೊಳ್ಳುವುದೂ ಮಾಮೂಲಿ. ನೀವೂ ಒಂದು ಖಾಲಿ ಬಾಟಲಿ ಇಟ್ಟುಕೊಂಡಿರಿ.

2016ರಲ್ಲಿ ಈ ಚರ್ಚು ಮೈನರ್ ಬಸಿಲಿಕ ಆಯಿತು, ಅದು ಪೋಪ್ ಕಡೆಯಿಂದ ಸಿಗುವ ಗೌರವದ ಪದವಿ. ಲಾರೆನ್ಸರು ರೋಮಿನಲ್ಲಿ 258ರಲ್ಲಿ ಹುತಾತ್ಮರಾದವರು, ಅವರ ಹಬ್ಬ ಆಗಸ್ಟ್ 10ಕ್ಕೆ.

ಪೂಜೆಯ ಸಮಯ ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ. ಊಟ ಕಾರ್ಕಳ ಪೇಟೆಯಲ್ಲೇ ಮುಗಿಸಿದರೆ ಒಳ್ಳೆಯದು. ವಾಪಸ್ ಬರುವಾಗ ಅಮ್ಮ ಮೀನು ತಗೊಳ್ಳೋಣ ಅಂದರು. ನನ್ನ ಕಡೆಯಿಂದ ಐದಕ್ಕೆ ಐದು ಸ್ಟಾರ್.