ಗಾಯಗೊಂಡ ಕಾಡುಹಂದಿಯ ಕೊನೆಯ ಈಡಿಗೆ .32 ರಿವಾಲ್ವರ್ ತೋಟಾ: ಹಲವು ಮಳೆಗಾಲಗಳ ಬಳಕೆಯ ನಂತರ

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಎಣ್ಮಕಜೆ, ಕಾರಡ್ಕ, ದೇಲಂಪಾಡಿ ಕಡೆಯ ತೋಟಗಳಲ್ಲಿ ಕಾಡುಹಂದಿಯ ಕಾಟ ಎಂಥದ್ದೆಂದು ಇಲ್ಲಿನ ಕೃಷಿಕರಿಗೆ ವಿವರಿಸಬೇಕಾಗಿಲ್ಲ. ಕೇರಳ ಸರಕಾರವು 2022ರಲ್ಲಿ ಪಂಚಾಯತ್ ಅಧ್ಯಕ್ಷರಿಗೆ ಗೌರವ ವನ್ಯಜೀವಿ ವಾರ್ಡನ್ ಅಧಿಕಾರ ಕೊಟ್ಟು, ಬೆಳೆಗೂ ಜೀವಕ್ಕೂ ಅಪಾಯ ತರುವ ಹಂದಿಗಳನ್ನು ಪರವಾನಗಿ ಇರುವ ಕೋವಿಯಿಂದ ಹೊಡೆಯಲು ಆದೇಶಿಸುವ ವ್ಯವಸ್ಥೆ ಮಾಡಿದ ಮೇಲೆ, ಹಾಗೆ ಕರೆಸಿಕೊಳ್ಳುವವರ ಪಟ್ಟಿಯಲ್ಲಿ ನಾನೂ ಇದ್ದೇನೆ. ಹಂದಿಯನ್ನು ಕೆಡಹುವ ಮೊದಲ ಈಡಿನ ಬಗ್ಗೆ ಬಲ್ಲವರು ಊರಿನಲ್ಲಿ ಬೇಕಾದಷ್ಟಿದ್ದಾರೆ. ನಾನು ಬರೆಯಲು ಹೊರಟಿರುವುದು ಬಿದ್ದೂ ಜೀವ ಹೋಗದೆ ನರಳುತ್ತಿರುವ ಪ್ರಾಣಿಯ ಸಂಕಟವನ್ನು ಕೂಡಲೇ ಮುಗಿಸಲು ಹತ್ತಿರದಿಂದ ಹಾರಿಸುವ ಕೊನೆಯ ಈಡಿನ ಬಗ್ಗೆ ಮತ್ತು ಅದಕ್ಕಾಗಿ ನಾನು ಬಳಸುತ್ತಾ ಬಂದಿರುವ ತೋಟಾಗಳ ಬಗ್ಗೆ.

ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ನಂತರ ಒಬ್ಬ ಪರವಾನಗಿದಾರನ ಬಳಿ ಎರಡಕ್ಕಿಂತ ಹೆಚ್ಚು ಬಂದೂಕುಗಳು ಇರುವಂತಿಲ್ಲ. ನನ್ನ ಬಳಿ ಇರುವುದು 12 ಬೋರಿನ ಜೋಡುನಳಿಗೆ ಕೋವಿ ಮತ್ತು ಕಾನ್ಪುರದಲ್ಲಿ ತಯಾರಾದ .32 ರಿವಾಲ್ವರ್. ಕೋವಿಯೊಂದೇ ಸಾಲದೇ ಎಂದು ಕೇಳುವವರಿದ್ದಾರೆ. ಗಾಯಗೊಂಡ ಹಂದಿ ಬಯಲಿನಲ್ಲಿ ಬಂದು ಬೀಳುವುದಿಲ್ಲ. ಅಡಿಕೆ ತೋಟದ ನೀರು ಹರಿಯುವ ಕಣಿಯೊಳಗೆ, ಗೇರುಮರದ ಬಾಗಿದ ಕೊಂಬೆಗಳ ಅಡಿಯಲ್ಲಿ, ಇಲ್ಲವೇ ಕಾಟುಬಳ್ಳಿಗಳ ಪೊದೆಯಲ್ಲಿ ಸಿಕ್ಕಿಕೊಂಡಿರುತ್ತದೆ. ಅಲ್ಲಿ ಉದ್ದ ನಳಿಗೆಯನ್ನು ಸರಿಯಾದ ಕೋನಕ್ಕೆ ತಿರುಗಿಸಲು ಜಾಗವೇ ಇರುವುದಿಲ್ಲ. ಜೊತೆಗೆ ಟಾರ್ಚು ಹಿಡಿದ ಇಬ್ಬರು ಮೂವರು ಸುತ್ತ ನಿಂತಿರುವಾಗ ಎಲ್‌ಜಿ ಅಥವಾ ಎಸ್‌ಜಿ ಎಂಬ ದೊಡ್ಡ ಚರೆಗಳ ತೋಟಾ ಹಾರಿಸಿದರೆ, ತಲೆಬುರುಡೆಯನ್ನು ತಪ್ಪಿದ ಒಂದೊಂದು ದೊಡ್ಡ ಚರೆಯೂ ಅಪಾಯವೇ. ಒಂದು ಕೈಯಲ್ಲಿ ಕೊಂಬೆ ಸರಿಸಿ, ಸ್ಥಿರವಾಗಿ ನಿಂತು, ಒಂದೇ ಗುಂಡನ್ನು ಬೇಕಾದ ಜಾಗಕ್ಕೆ ಕಳುಹಿಸುವ ಕೆಲಸಕ್ಕೆ ರಿವಾಲ್ವರ್ ಹೊಂದುತ್ತದೆ. ಆದರೆ ಆ ಆಯುಧವನ್ನೂ ಬಳಸಬಹುದೆಂಬುದು ಆದೇಶದಲ್ಲಿ ಸ್ಪಷ್ಟವಾಗಿರಬೇಕು. ಸ್ವರಕ್ಷಣೆಗೆಂದು ಪಡೆದ ಪರವಾನಗಿಯ ಮೇಲೆ ಯಾರೂ ತಾವಾಗಿಯೇ ಈ ಕೆಲಸಕ್ಕೆ ಇಳಿಯಬಾರದು.

ತೋಟಾದ ವಿಷಯಕ್ಕೆ ಬಂದರೆ, ಈ ರಿವಾಲ್ವರಿಗೆ ಬೇಕಾದದ್ದು .32 ಎಸ್ ಆ್ಯಂಡ್ ಡಬ್ಲ್ಯೂ (ಸ್ಮಿತ್ ಆ್ಯಂಡ್ ವೆಸನ್) ಲಾಂಗ್. ಇದು 1896ರಷ್ಟು ಹಳೆಯ ವಿನ್ಯಾಸ. ಸಾಮಾನ್ಯವಾಗಿ 98 ಗ್ರೇನ್, ಅಂದರೆ ಸುಮಾರು 6.35 ಗ್ರಾಂ ತೂಕದ ಸೀಸದ ಗುಂಡು ಸೆಕೆಂಡಿಗೆ ಸುಮಾರು 215 ಮೀಟರ್ ವೇಗದಲ್ಲಿ ಹೊರಡುತ್ತದೆ. ಅದರ ಶಕ್ತಿ 150 ಜೂಲ್‌ಗಳ ಆಸುಪಾಸಿನಲ್ಲಿದೆ. 12 ಬೋರಿನ ಒಂಟಿಗುಂಡಿನ ತೋಟಾ 2,000 ಜೂಲ್‌ಗಳನ್ನೂ ಮೀರುತ್ತದೆ ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ ಇದು ಎಷ್ಟು ದುರ್ಬಲವೆಂದು ತಿಳಿಯುತ್ತದೆ. ಈ ತೋಟಾದ ಒಳಿತು ಕೆಡುಕುಗಳೆಲ್ಲ ಈ ಒಂದು ಸಂಗತಿಯಿಂದಲೇ ಹುಟ್ಟುತ್ತವೆ. ಶಕ್ತಿಯ ಅಬ್ಬರದಿಂದ ಕೊಲ್ಲುವ ಸಾಮರ್ಥ್ಯ ಇದಕ್ಕಿಲ್ಲ. ಮಿದುಳನ್ನು ತಲುಪಿದರೆ ಮಾತ್ರ ಪ್ರಾಣಿ ಆ ಕ್ಷಣದಲ್ಲೇ ಪ್ರಜ್ಞೆ ಕಳೆದುಕೊಳ್ಳುತ್ತದೆ, ತಲುಪದಿದ್ದರೆ ಅದರ ನೋವಿಗೆ ಇನ್ನೊಂದು ನೋವು ಸೇರುತ್ತದೆ. ಆದ್ದರಿಂದ ನಾನು ತೋಟಾ ಆರಿಸುವಾಗ ಕೇಳಿಕೊಳ್ಳುವ ಪ್ರಶ್ನೆ ಒಂದೇ: ಈ ಗುಂಡು ಮೂಳೆಯನ್ನು ದಾಟಿ ನೇರ ದಾರಿಯಲ್ಲಿ ಮಿದುಳಿಗೆ ಹೋಗುತ್ತದೆಯೇ?

ದುಂಡುಮೂತಿಯ ಗಟ್ಟಿ ಸೀಸದ ಗುಂಡು ಈ ಪರೀಕ್ಷೆಯಲ್ಲಿ ತೃಪ್ತಿಕರವಾಗಿ ನಿಂತಿದೆ, ಒಂದು ಷರತ್ತಿನೊಂದಿಗೆ. ಮೂಳೆಗೆ ಲಂಬವಾಗಿ ಬಿದ್ದರೆ ಅದು ನೇರವಾಗಿ ಒಳಹೋಗುತ್ತದೆ. ಓರೆಯಾಗಿ ಬಿದ್ದರೆ, ಅದರಲ್ಲೂ ಬಲಿತ ಗಂಡುಹಂದಿಯ ಇಳಿಜಾರು ಹಣೆಯ ಮೇಲೆ ಬಿದ್ದರೆ, ಚರ್ಮದಡಿಯಲ್ಲೇ ಜಾರಿಹೋಗುವ ಸಂಭವವಿದೆ. ಗುರಿಸ್ಪರ್ಧೆಗಳಲ್ಲಿ ಬಳಸುವ, ಮೂತಿ ಪೂರ್ತಿ ಚಪ್ಪಟೆಯಾಗಿರುವ ವಾಡ್‌ಕಟರ್ ತೋಟಾಗಳೂ ಇದೇ ಅಳತೆಯಲ್ಲಿ ಸಿಗುತ್ತವೆ. ಅವುಗಳ ಅಂಚು ಮೂಳೆಯನ್ನು ಕಚ್ಚುವುದರಿಂದ ಜಾರುವುದು ಕಡಿಮೆ. ಸಿಕ್ಕಿದಾಗ ನಾನು ಅವುಗಳನ್ನೇ ಇಷ್ಟಪಡುತ್ತೇನೆ. ಆದರೆ ಅವು ಆಮದಿನ ಸರಕಾದ್ದರಿಂದ ಬೆಲೆ ಹೆಚ್ಚು, ನಮ್ಮ ಕಡೆಯ ಅಂಗಡಿಗಳಲ್ಲಿ ಸಿಗುವುದೂ ಅಪರೂಪ. ಕೆಲವು ವಾಡ್‌ಕಟರ್‌ಗಳನ್ನು ಕಾಗದದ ಗುರಿಗೆಂದೇ ಇನ್ನೂ ಮೆಲುವೇಗದಲ್ಲಿ ಹೋಗುವಂತೆ ತುಂಬಿರುತ್ತಾರೆ. ಆದ್ದರಿಂದ ಬಲಿತ ಹಂದಿಯ ಹಣೆಗೆ ಅವನ್ನೂ ನಾನು ನಂಬುವುದಿಲ್ಲ.

ಮೂತಿಯಲ್ಲಿ ಟೊಳ್ಳಿರುವ, ಒಳಹೊಕ್ಕ ಮೇಲೆ ಅರಳುವ ಗುಂಡುಗಳನ್ನು ಹೊಗಳುವವರು ಬಹಳ ಜನ. ದೊಡ್ಡ ಅಳತೆಯ, ವೇಗದ ತೋಟಾಗಳ ವಿಷಯದಲ್ಲಿ ಆ ಹೊಗಳಿಕೆಗೆ ಕಾರಣವಿರಬಹುದು. .32ರಂತಹ ಮಂದಗತಿಯ ತೋಟಾದಲ್ಲಿ ಆ ಗುಂಡು ಒಂದೋ ಅರಳುವುದೇ ಇಲ್ಲ, ಇಲ್ಲವೇ ಅರಳಿದ ಕಾರಣಕ್ಕೇ ಆಳ ತಲುಪದೆ ನಿಂತುಬಿಡುತ್ತದೆ. ದಪ್ಪ ಬುರುಡೆಯ ಪ್ರಾಣಿಗೆ ನಾನು ಅದನ್ನು ಖಂಡಿತ ಸೂಚಿಸಲಾರೆ. .32 ಪಿಸ್ತೂಲು ಇರುವವರ ತೋಟಾ ಬೇರೆಯೇ. ಅದು .32 ಎಸಿಪಿ (ಆಟೊಮ್ಯಾಟಿಕ್ ಕೋಲ್ಟ್ ಪಿಸ್ತೂಲ್), 71 ಗ್ರೇನಿನ, ತಾಮ್ರಲೋಹದ ಕವಚವುಳ್ಳ ಹಗುರ ಗುಂಡು, ವೇಗ ಸ್ವಲ್ಪ ಹೆಚ್ಚು. ಕವಚದಿಂದಾಗಿ ಅದು ಆಕಾರ ಕೆಡದೆ ಆಳಕ್ಕೆ ಹೋಗುತ್ತದೆ, ಇನ್ನೊಂದು ಬದಿಯಿಂದ ಹೊರಬರುವ ಸಾಧ್ಯತೆಯೂ ಹೆಚ್ಚು. ಎರಡಕ್ಕೂ ಜನ .32 ಎಂದೇ ಹೇಳುವುದರಿಂದ ಕೊಳ್ಳುವಾಗ ಪೆಟ್ಟಿಗೆಯ ಮೇಲಿನ ಪೂರ್ಣ ಹೆಸರನ್ನು ಓದಬೇಕು. ಒಂದರ ತೋಟಾವನ್ನು ಇನ್ನೊಂದಕ್ಕೆ ತುಂಬಲು ಎಂದೂ ಪ್ರಯತ್ನಿಸಬಾರದು. ಇನ್ನು .22 ರಿವಾಲ್ವರ್ ಮರಿಗಳಿಗೆ ಸಾಕಾದೀತು, ಬಲಿತ ಹಂದಿಗೆ ಬೇಡ.

ಸರಿಯಾದ ತೋಟಾ ಕೈಯಲ್ಲಿದ್ದೂ ಜಾಗ ತಪ್ಪಿದರೆ ಪ್ರಯೋಜನವಿಲ್ಲವಾದ್ದರಿಂದ ಅದನ್ನು ವಿವರವಾಗಿಯೇ ಹೇಳುತ್ತೇನೆ. ಎಳೆಯ ಹಂದಿಯಲ್ಲಿ ಹಣೆಯ ನಡುಗೆರೆಯ ಮೇಲೆ, ಕಣ್ಣುಗಳ ಮಟ್ಟದಿಂದ ಸುಮಾರು ಎರಡು ಸೆಂಟಿಮೀಟರ್ ಮೇಲೆ, ಬಾಲದ ದಿಕ್ಕಿಗೆ ಗುರಿಯಿಟ್ಟರೆ ಮಿದುಳು ಸಿಗುತ್ತದೆ. ವಯಸ್ಸಾದಂತೆ ಹಣೆಯ ಮೂಳೆ ನಡುವಿನಲ್ಲಿ ಏಣಾಗಿ ದಪ್ಪಗಾಗುತ್ತದೆ, ಅದರ ಹಿಂದೆ ಗಾಳಿಯ ಪೊಳ್ಳು ಬೆಳೆಯುತ್ತದೆ, ಮಿದುಳು ಒಳಗೆ ಬಹಳ ಆಳದಲ್ಲಿ ಉಳಿಯುತ್ತದೆ. ಬಲಿತ ಗಂಡಿನ ಹಣೆಗೆ .32 ಗುಂಡು ಹೊಡೆಯುವುದು ಹೆಬ್ಬಾಗಿಲು ಮುಚ್ಚಿರುವಾಗ ಅದನ್ನೇ ಗುದ್ದುತ್ತಾ ನಿಂತಂತೆ. ಪಕ್ಕದ ದಾರಿ ಕಿವಿಯ ಹಿಂದಿದೆ. ಕಿವಿಯ ಬುಡದ ಹಿಂಭಾಗದಿಂದ ಎದುರು ಬದಿಯ ಕಣ್ಣಿನ ಕಡೆಗೆ ಹೋಗುವ ಗೆರೆಯಲ್ಲಿ ಮೂಳೆ ತೆಳುವಾಗಿದ್ದು ಮಿದುಳು ಹತ್ತಿರದಲ್ಲಿರುತ್ತದೆ. ಈ ಜಾಗಕ್ಕೆ ಹೊಡೆಯಲು ಪ್ರಾಣಿಯ ಬೆನ್ನಿನ ಕಡೆಯಿಂದ ಸಮೀಪಿಸಬೇಕಾಗುತ್ತದೆ, ಆಗ ಕೋರೆಹಲ್ಲಿನಿಂದಲೂ ದೂರವಿದ್ದಂತಾಗುತ್ತದೆ. ನಳಿಗೆಯ ತುದಿಯನ್ನು ತಲೆಗೆ ಒತ್ತಿ ಹಿಡಿಯಕೂಡದು. ಕಸಾಯಿಖಾನೆಗಳಲ್ಲಿ ಬಳಸುವ ಬೋಲ್ಟ್ ಪಿಸ್ತೂಲನ್ನು ಒತ್ತಿಯೇ ಹಿಡಿಯಬೇಕು, ಆದರೆ ಗುಂಡು ಹೊರಹೋಗುವ ಆಯುಧದಲ್ಲಿ ಹಾಗೆ ಮಾಡಿದರೆ ಒತ್ತಡ ಹಿಂದಿರುಗಿ ನಳಿಗೆಯೇ ಒಡೆಯಬಹುದು. ಒಂದು ಗೇಣಿನಷ್ಟು, ಅಥವಾ ಅದಕ್ಕಿಂತ ತುಸು ಕಡಿಮೆ ಅಂತರ ಸರಿ. ಕಿವಿಗೆ ರಕ್ಷಣೆ ಹಾಕಿಕೊಳ್ಳುವುದನ್ನೂ ಬಿಡಬಾರದು, ಅಷ್ಟು ಹತ್ತಿರದ ಸದ್ದು ಶ್ರವಣಶಕ್ತಿಗೆ ಕಾಯಂ ಹಾನಿ ಮಾಡಬಲ್ಲುದು.

ಈಡಿನ ನಂತರ ಕಾಲುಗಳು ಜೋರಾಗಿ ಬಡಿದುಕೊಳ್ಳುವುದನ್ನು ಕಂಡು ಸುತ್ತಲಿನವರು ಗಾಬರಿಪಡುತ್ತಾರೆ. ಮಿದುಳು ನಾಶವಾದ ಮೇಲೂ ಅಂಥ ಚಲನೆ ಸ್ವಲ್ಪ ಹೊತ್ತು ಇರುತ್ತದೆ, ಅದು ನೋವಿನ ಗುರುತಲ್ಲ. ನೋಡಬೇಕಾದದ್ದು ಪಕ್ಕೆಗಳನ್ನು. ಲಯಬದ್ಧವಾದ ಉಸಿರಾಟ ಇದ್ದರೆ ಎರಡನೆಯ ಗುಂಡು ತಡವಿಲ್ಲದೆ ಬೇಕು. ಉಸಿರು ನಿಂತಿದೆ ಎನಿಸಿದಾಗ ಉದ್ದ ಕೋಲಿನ ತುದಿಯಿಂದ ಕಣ್ಣಿನ ಗುಡ್ಡೆಯನ್ನು ಮೆಲ್ಲನೆ ಮುಟ್ಟಿ, ರೆಪ್ಪೆ ಮಿಟುಕದಿದ್ದರೆ ಮಾತ್ರ ಹತ್ತಿರ ಹೋಗಬೇಕು. ಒಮ್ಮೆ ನೆರೆಮನೆಯ ಯುವಕನೊಬ್ಬ, “ಅಣ್ಣಾ, ಹೇಗೂ ಸಾಯುತ್ತದಲ್ಲ, ಇನ್ನೊಂದು ತೋಟಾ ಯಾಕೆ ದಂಡ ಮಾಡುತ್ತೀರಿ?” ಎಂದು ಕೇಳಿದ್ದ. ತೋಟಾ ದುಬಾರಿ ಎಂಬುದು ನಿಜ, ವರ್ಷಕ್ಕೆ ಇಷ್ಟೇ ಎಂದು ಪರವಾನಗಿಯಲ್ಲಿ ಮಿತಿಯಿರುವುದೂ ನಿಜ. ಆದರೆ ನಮ್ಮ ಬೆಳೆ ಉಳಿಸಿಕೊಳ್ಳಲೆಂದು ಒಂದು ಜೀವವನ್ನು ಗಾಯಗೊಳಿಸಿದ ಮೇಲೆ ಅದು ಬೆಳಗಿನವರೆಗೆ ನರಳಲಿ ಎಂದು ಬಿಟ್ಟುಬರುವ ಹಕ್ಕು ನಮಗಿಲ್ಲವೆಂದೇ ಅವನಿಗೆ ಹೇಳಿದೆ. ಅಂದಿನಿಂದ ಅವನೇ ಟಾರ್ಚು ಹಿಡಿದು ಉಸಿರು ನೋಡುತ್ತಾನೆ.

ನಮ್ಮ ನೆಲದ ಬಗ್ಗೆ ಒಂದು ಎಚ್ಚರಿಕೆ. ಗುಡ್ಡದ ಪಾರೆಗಳಲ್ಲಿ ಹಂದಿ ಬಿದ್ದರೆ ಕೆಳಗಿರುವುದು ಮುರಕಲ್ಲು. ಬುರುಡೆಯನ್ನು ದಾಟಿದ ಅಥವಾ ಗುರಿ ತಪ್ಪಿದ ಗುಂಡು ಆ ಗಟ್ಟಿ ನೆಲಕ್ಕೆ ಬಡಿದು ಯಾವ ದಿಕ್ಕಿಗೆ ಚಿಮ್ಮುತ್ತದೆಂದು ಹೇಳಲಾಗದು. ಮೆದು ಸೀಸ ಒಡೆದು ಚಪ್ಪಟೆಯಾಗುವುದರಿಂದ ಅಪಾಯ ಕೊಂಚ ತಗ್ಗಬಹುದು, ಕವಚದ ಗುಂಡಿನಲ್ಲಿ ಆ ಸಮಾಧಾನವೂ ಇಲ್ಲ. ಎಲ್ಲರೂ ನನ್ನ ಹಿಂದೆ ಬಂದು ನಿಲ್ಲುವವರೆಗೆ, ನಾಯಿಗಳನ್ನು ಕಟ್ಟಿಹಾಕುವವರೆಗೆ ನಾನು ರಿವಾಲ್ವರಿನ ಕುದುರೆ (ಟ್ರಿಗರ್) ಎಳೆಯುವುದಿಲ್ಲ. ಸಾಧ್ಯವಾದರೆ ಗುಂಡಿನ ದಾರಿ ಕಣಿಯ ಹಸಿ ಮಣ್ಣಿನ ಕಡೆಗೆ ಇಳಿಯುವಂತೆ ನಿಲ್ಲುತ್ತೇನೆ.

ಕಾಸರಗೋಡಿನ ಮಳೆಗಾಲ ತೋಟಾಗಳ ದೊಡ್ಡ ಶತ್ರು. ಚರ್ಮದ ಪಟ್ಟಿಯಲ್ಲಿ ಸಿಕ್ಕಿಸಿಟ್ಟರೆ ಹಿತ್ತಾಳೆ ಬೇಗನೆ ಕಿಲುಬು ಹಿಡಿಯುತ್ತದೆ. ಹಸಿರುಗಟ್ಟಿದ ತೋಟಾ ರಿವಾಲ್ವರಿನ ತೋಟಾಕೋಣೆಯಲ್ಲಿ ಬಿಗಿಯಾಗಿ ಸಿಕ್ಕಿಕೊಳ್ಳಬಹುದು, ಮದ್ದಿಗೆ ಕಿಡಿ ಹೊತ್ತಿಸುವ ಕೇಪಿಗೆ ತೇವ ಇಳಿದರೆ ಹಾರದೆಯೂ ಇರಬಹುದು. ನರಳುವ ಪ್ರಾಣಿಯ ಮುಂದೆ ನಿಂತು ಬರಿದೇ ‘ಟಕ್’ ಎಂಬ ಸದ್ದು ಕೇಳಿಸಿಕೊಳ್ಳುವುದು ಯಾರಿಗೂ ಬೇಡ. ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಟ್ಟ ನನ್ನ ತೋಟಾಗಳು ಈವರೆಗೆ ಚೆನ್ನಾಗಿಯೇ ಉಳಿದಿವೆ. ಎಣ್ಣೆ ಸವರಿ ಇಡುವ ಹಳೆಯ ಪದ್ಧತಿ ತೋಟಾಗಳಿಗೆ ಸಲ್ಲದು, ಎಣ್ಣೆಯೇ ಕೇಪಿನೊಳಗೆ ಇಳಿಯುತ್ತದೆ. ಚುನಾವಣೆಯ ಸಮಯದಲ್ಲಿ ಠಾಣೆಯಲ್ಲಿರಿಸಿ ಮರಳಿ ತಂದ ಆಯುಧವನ್ನೂ ಒಮ್ಮೆ ಶುಚಿಮಾಡಿ ಪರೀಕ್ಷಿಸಿಯೇ ಹೊರಡಬೇಕು. ತೋಟಾ ಹಾರದಿದ್ದಾಗ ರಿವಾಲ್ವರನ್ನು ಕೂಡಲೇ ತೆರೆಯದೆ, ಸುರಕ್ಷಿತ ದಿಕ್ಕಿಗೆ ಹಿಡಿದು ಕನಿಷ್ಠ 30 ಸೆಕೆಂಡು ಕಾಯಬೇಕು; ತಡವಾಗಿ ಸಿಡಿಯುವ ತೋಟಾಗಳೂ ಇರುತ್ತವೆ.

ಈ ತೋಟಾ ಯಾವುದಕ್ಕೆ ಬೇಡ ಎಂಬುದನ್ನೂ ಹೇಳಬೇಕು. ಗಾಯಗೊಂಡು ಇನ್ನೂ ಎದ್ದು ನಿಂತಿರುವ ಅಥವಾ ನುಗ್ಗಿ ಬರಬಲ್ಲ ಹಂದಿಗೆ ರಿವಾಲ್ವರ್ ಹಿಡಿದು ಹೋಗುವುದು ಪ್ರಾಣಿಗೂ ಮನುಷ್ಯನಿಗೂ ಅನ್ಯಾಯ. ಅಲ್ಲಿ ಅಂತರ ಕಾಯ್ದುಕೊಂಡು 12 ಬೋರನ್ನೇ ಬಳಸಬೇಕು. ಕಾಲು ಮುರಿದ ದನ, ವಾಹನಕ್ಕೆ ಸಿಕ್ಕಿದ ನಾಯಿ ಇತ್ಯಾದಿಗಳಿಗೆ ದಯಾಮರಣ ಕೊಡುವುದು ಪಶುವೈದ್ಯರ ಕೆಲಸ, ಅವರ ಬಳಿ ಔಷಧವಿದೆ. ಆದೇಶದಂತೆ ಹೊಡೆದ ಹಂದಿಯೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಸರಕಾರದ ಸೊತ್ತು, ಅದರ ಮಾಂಸವನ್ನು ಒಯ್ಯುವಂತಿಲ್ಲ. ಸೀಸದ ಚೂರುಗಳಿರುವ ಕಳೇಬರವನ್ನು ತೆಳುವಾಗಿ ಮುಚ್ಚಿದರೆ ನರಿಗಳೂ ಹದ್ದುಗಳೂ ತಿಂದು ವಿಷಕ್ಕೆ ಗುರಿಯಾಗುತ್ತವೆ, ಗುಂಡಿ ಆಳವಾಗಿಯೇ ಇರಬೇಕು. ಹೊಸದಾಗಿ ಕೊಳ್ಳುವವರು ಮೊದಲು ದುಂಡುಮೂತಿಯ ಒಂದು ಪೆಟ್ಟಿಗೆ ಕೊಂಡು, ಅದರಲ್ಲಿ ಕೆಲವನ್ನು ರೈಫಲ್ ಕ್ಲಬ್ಬಿನಲ್ಲಿ ಗೇಣು, ಮಾರುಗಳ ಅಂತರದಿಂದಲೇ ಹಾರಿಸಿ ನೋಡಲಿ. ಅಷ್ಟು ಹತ್ತಿರದಲ್ಲಿ ಗುಂಡು ಗುರಿಗಣ್ಣಿನ ಗೆರೆಗಿಂತ ತುಸು ಕೆಳಗೆ ಬೀಳುತ್ತದೆ. ಎಷ್ಟು ಕೆಳಗೆ ಎಂಬುದನ್ನು ತನ್ನ ಆಯುಧದಲ್ಲೇ ನೋಡಿ ತಿಳಿದುಕೊಂಡಿರಬೇಕು.