ಬೆಂಗಳೂರಿನ ರೈಲು, ಭಾನುವಾರದ ಬಣ್ಣ, ಮೂರನೇ ಅಡ್ಡರಸ್ತೆಯ ಮೃದಂಗ

ನಿವೃತ್ತಳಾಗಿ ಒಂಬತ್ತು ವರ್ಷವಾದರೂ ಹಾಜರಿ ಪುಸ್ತಕ ಬರೆಯುವ ಚಟ ನನ್ನನ್ನು ಬಿಟ್ಟಿಲ್ಲ. ಈಗಿನದು ಮೊಮ್ಮಗಳ ಹೆಸರಿನಲ್ಲಿದೆ. ಎಡಗಡೆ ದಿನಾಂಕ, ನಡುವೆ ಹೋದ ಜಾಗ, ಹಿಡಿದ ಹೊತ್ತು, ಕೊಟ್ಟ ಹಣ. ಬಲಗಡೆ ಆ ದಿನ ಅವಳು ಏನು ಮಾಡಿದಳು ಎಂಬ ಒಂದೇ ಸಾಲು. ‘ಕಿವಿ ಮುಚ್ಚಿಕೊಂಡಳು’, ‘ಮೇಜಿನ ಕೆಳಗೆ ಕೂತಳು’, ‘ಎರಡು ಸಲ ನಕ್ಕಳು’, ಹೀಗೆ. ಅವಳಂತೆ ಆಟಿಸಂ ಇರುವ ಮಕ್ಕಳ ಮನೆಗಳಿಂದ ವಾರಕ್ಕೊಬ್ಬರಾದರೂ ಫೋನ್ ಮಾಡಿ, ಸಂಗೀತ ಚಿಕಿತ್ಸೆಗೆ ಕಳುಹಿಸುವುದೋ ಚಿತ್ರಕಲಾ ಚಿಕಿತ್ಸೆಗೋ ಎಂದು ಕೇಳುತ್ತಾರೆ. ಎರಡು ವರ್ಷದ ಪುಸ್ತಕ ಎದುರಿಗಿದೆ, ಅದರಲ್ಲಿರುವುದನ್ನು ಹೇಳುತ್ತೇನೆ.

ಪುಟ್ಟಿಗೆ ಈಗ ಏಳು ವರ್ಷ. ಆಟಿಸಂ ಇದೆ. ಆಡುವ ಮಾತುಗಳನ್ನು ಎರಡು ಕೈಯ ಬೆರಳುಗಳಲ್ಲಿ ಎಣಿಸಿ ಮುಗಿಸಬಹುದು. ಮಗ, ಸೊಸೆ ಇಬ್ಬರಿಗೂ ಕೆಲಸ; ಕರೆದುಕೊಂಡು ಓಡಾಡುವವಳು ನಾನು. ಮೈಸೂರಿನವರಾಗಿರುವುದು ನಮ್ಮ ಪುಣ್ಯ. ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಬೇರೆ ಬೇರೆ ರಾಜ್ಯಗಳಿಂದ ಜನ ಬಂದು ಬಾಡಿಗೆ ರೂಮು ಹಿಡಿದು ಉಳಿಯುತ್ತಾರೆ; ನಾವು ಆಟೋ ಹತ್ತಿ ಹೋಗಿಬರುತ್ತೇವೆ. ತಪಾಸಣೆಯೂ ವಾಕ್ ಚಿಕಿತ್ಸೆಯೂ ಅಲ್ಲೇ ನಡೆದವು. ನಾನು ಹೋಲಿಸುತ್ತಿರುವುದು ಅದರ ಜೊತೆಗೆ ನಾವಾಗಿಯೇ ಹುಡುಕಿಕೊಂಡು ಹೋದವುಗಳನ್ನು.

ಮೊದಲು ಹೋದದ್ದು ಬೆಂಗಳೂರಿಗೆ. ವಿದೇಶದಲ್ಲಿ ಓದಿ ಬಂದ ಸಂಗೀತ ಚಿಕಿತ್ಸಕಿಯೊಬ್ಬರು ಶನಿವಾರಗಳಂದು ಮಕ್ಕಳನ್ನು ನೋಡುತ್ತಿದ್ದರು. ನಲವತ್ತೈದು ನಿಮಿಷಕ್ಕೆ 1,500 ರೂಪಾಯಿ. ಕೋಣೆಯಲ್ಲಿ ಒಂದು ಕೀಬೋರ್ಡ್, ನೆಲದ ಮೇಲೆ ಎರಡು ಡೋಲು, ಬುಟ್ಟಿಯಲ್ಲಿ ಗಿಲಕಿಗಳು. ಪುಟ್ಟಿ ಒಂದನ್ನೂ ಮುಟ್ಟಲಿಲ್ಲ. ನನ್ನ ಚೀಲದಿಂದ ಊಟದ ಡಬ್ಬಿಯನ್ನು ಎಳೆದು, ಗೋಡೆಯ ಕಡೆ ಮುಖ ಮಾಡಿ, ಅದರ ಮುಚ್ಚಳವನ್ನು ನೆಲಕ್ಕೆ ಬಡಿಯತೊಡಗಿದಳು. ನಾಚಿಕೆಯಾಗಿ ಕಿತ್ತುಕೊಳ್ಳಲು ಎದ್ದೆ. ಆಕೆ ಕೈಸನ್ನೆಯಲ್ಲೇ ನನ್ನನ್ನು ಕೂರಿಸಿ, ಮುಚ್ಚಳ ಬಡಿದ ಲೆಕ್ಕದಲ್ಲೇ ಡೋಲನ್ನು ಮೆಲ್ಲಗೆ ಬಾರಿಸಿದರು. ಪುಟ್ಟಿ ಜೋರು ಮಾಡಿದರೆ ಇವರೂ ಜೋರು, ನಿಧಾನಿಸಿದರೆ ಇವರೂ ನಿಧಾನ. ಐದಾರು ನಿಮಿಷ ಕಳೆದಿರಬೇಕು, ಪುಟ್ಟಿ ಥಟ್ಟನೆ ನಿಲ್ಲಿಸಿದಳು. ಡೋಲೂ ನಿಂತಿತು. ಕೋಣೆಯಲ್ಲಿ ಫ್ಯಾನಿನ ಸದ್ದು ಮಾತ್ರ. ಮಗು ತಿರುಗದೆಯೇ ಮುಚ್ಚಳವನ್ನು ಎರಡು ಸಲ ಕುಟ್ಟಿತು. ಡೋಲು ಎರಡು ಸಲ ಉತ್ತರಿಸಿತು. ಆಗ ತಿರುಗಿ ನೋಡಿದಳು. ಮೂವತ್ತೆರಡು ವರ್ಷ ಒಂದನೇ ತರಗತಿಗೆ ಪಾಠ ಮಾಡಿದವಳು ನಾನು. ಮಗುವಿನ ಸದ್ದನ್ನು ನಿಲ್ಲಿಸುವುದೇ ಶಿಕ್ಷಣ ಎಂದುಕೊಂಡಿದ್ದವಳು. ಅವತ್ತು ಬಲಗಡೆಯ ಸಾಲಿನಲ್ಲಿ ಪುಟ್ಟಿಯ ಬಗ್ಗೆ ಬರೆಯುವುದನ್ನು ಬಿಟ್ಟು ನನ್ನ ಬಗ್ಗೆ ಬರೆದುಕೊಂಡೆ.

ಹಾಗಾದರೆ ಏಕೆ ಬಿಟ್ಟಿರಿ ಎಂದರೆ, ನಡುವಿನ ಅಂಕಣ ನೋಡಿ. ಬೆಳಗಿನ ರೈಲು, ಶ್ರೀರಂಗಪಟ್ಟಣ, ಮಂಡ್ಯ, ಮದ್ದೂರು, ರಾಮನಗರ. ಬೆಂಗಳೂರಿನಲ್ಲಿ ಇಳಿದು ಆಟೋ. ಮತ್ತೆ ಅದೇ ದಾರಿ. ನಲವತ್ತೈದು ನಿಮಿಷಕ್ಕಾಗಿ ಹತ್ತು ತಾಸು. ರೈಲಿನಲ್ಲಿ ಅವಳು ಸುಖವಾಗಿಯೇ ಇರುತ್ತಿದ್ದಳು, ಗಾಲಿಯ ಸದ್ದಿಗೆ ತಲೆ ತೂಗುತ್ತಾ. ಆಟೋದ ಹಾರ್ನ್ ಸದ್ದಿಗೆ ಆ ಸುಖವೆಲ್ಲ ಹಾರಿಹೋಗುತ್ತಿತ್ತು. ಕೋಣೆಗೆ ಕಾಲಿಡುವ ಹೊತ್ತಿಗೆ ಮಗು ಅರ್ಧ ಸೋತಿರುತ್ತಿತ್ತು, ನಾನು ಪೂರ್ತಿ. ಹನ್ನೊಂದು ಶನಿವಾರ ಹೋದೆವು. ಅವುಗಳಲ್ಲಿ ನಾಲ್ಕು ದಿನದ ಬಲಗಡೆಯ ಸಾಲು ‘ಮಲಗಿಬಿಟ್ಟಳು’.

ಅದೇ ಚಿಕಿತ್ಸಕಿಯೊಂದಿಗೆ ವಿಡಿಯೊ ಕರೆಯಲ್ಲಿ ಮುಂದುವರಿಸಿದೆವು, ಅರ್ಧ ಶುಲ್ಕ. ಅದರ ಕಥೆ ಬೇರೆ. ಇಂಥ ಕರೆಯ ಆ್ಯಪ್‌ಗಳು ಮನುಷ್ಯರ ಮಾತನ್ನು ಉಳಿಸಿಕೊಂಡು ಉಳಿದದ್ದನ್ನು ಗದ್ದಲವೆಂದು ಅಳಿಸುತ್ತವೆ. ಹೀಗಾಗಿ ಮೊದಲ ಎರಡು ವಾರ ಪುಟ್ಟಿಯ ಮುಚ್ಚಳದ ಸದ್ದು ಅವರಿಗೆ ಕೇಳಿಸಲೇ ಇಲ್ಲ. ನಾನು ಏನಾದರೂ ಹೇಳಿದರೆ ಮಾತ್ರ ಕೇಳಿಸುತ್ತಿತ್ತು! ಮಗ ಸೆಟ್ಟಿಂಗ್ ಹುಡುಕಿ ಸರಿಮಾಡಿದ. ಆಗಲೂ ಸದ್ದು ಹೋಗಿ ಬರುವಲ್ಲಿ ಒಂದು ಚೂರು ತಡ. ಮಾತಿಗೆ ಆ ತಡ ಲೆಕ್ಕಕ್ಕಿಲ್ಲ, ತಾಳಕ್ಕೆ ಅದೇ ಸಾಕು ಎಲ್ಲ ಕೆಡಲು. ಇಬ್ಬರೂ ಒಟ್ಟಿಗೆ ಬಾರಿಸುವುದು ಸಾಧ್ಯವಾಗಲಿಲ್ಲ. ಕೊನೆಗೆ ಚಿಕಿತ್ಸಕಿಯೇ ದಾರಿ ಬದಲಿಸಿದರು: ಮಗುವಿನ ಜೊತೆ ನಾನು ಬಾರಿಸುವುದು, ಅವರು ನನ್ನನ್ನು ತಿದ್ದುವುದು. ‘ಅಮ್ಮಾ, ಬೇಗ ಉತ್ತರ ಕೊಡುತ್ತಿದ್ದೀರಿ. ಮನಸ್ಸಿನಲ್ಲೇ ಹತ್ತು ಎಣಿಸಿ’ ಎನ್ನುತ್ತಿದ್ದರು. ಕೊಟ್ಟ ಹಣಕ್ಕೆ ಎಲ್ಲಕ್ಕಿಂತ ಹೆಚ್ಚು ದಕ್ಕಿದ್ದು ಇಲ್ಲಿ. ಆದರೆ ದಕ್ಕಿದ್ದು ನನಗೆ. ಪುಟ್ಟಿಗೆ ಮೊಬೈಲ್‌ನೊಳಗಿನ ಡೋಲಿನಲ್ಲಿ ಎಳ್ಳಷ್ಟೂ ಆಸಕ್ತಿಯಿರಲಿಲ್ಲ.

ನಡುವೆ ‘ಇಂಥ ರಾಗ ಇಂಥ ಕಾಯಿಲೆಗೆ’ ಎಂಬ ವಾಟ್ಸ್‌ಆ್ಯಪ್ ವೈದ್ಯವೂ ನಡೆಯಿತು. ನೆಂಟರೊಬ್ಬರು ಗಂಟೆಗಟ್ಟಲೆಯ ವೀಣೆ ಕಳುಹಿಸಿದರು. ಪುಟ್ಟಿ ಕಿವಿ ಮುಚ್ಚಿಕೊಂಡಳು. ನಾನು ಒಬ್ಬಳೇ ಕೂತು ಕೇಳಿದೆ, ಚೆನ್ನಾಗಿತ್ತು.

ಚಿತ್ರದ ಕಡೆಯೂ ಎರಡು ಬಾಗಿಲು ತಟ್ಟಿದೆವು. ಒಂದು, ಚಿಕಿತ್ಸೆ ಎಂದು ಹೆಸರಿಟ್ಟುಕೊಳ್ಳದ ಬಡಾವಣೆಯ ಡ್ರಾಯಿಂಗ್ ತರಗತಿ. ತಿಂಗಳಿಗೆ 600. ಎರಡು ಬೆಟ್ಟ, ನಡುವೆ ಸೂರ್ಯ, ಕೆಳಗೆ ನದಿ, ದಡದಲ್ಲಿ ಗುಡಿಸಲು, ಒಂದು ತೆಂಗಿನಮರ. ಎಲ್ಲ ಮಕ್ಕಳ ಹಾಳೆಯಲ್ಲೂ ಅದೇ ತೆಂಗಿನಮರ, ಅದೇ ಕಡೆ ಬಾಗಿದ್ದು. ಮೂರನೇ ದಿನ ಪುಟ್ಟಿಯ ಕೈಹಿಡಿದು ಬೆಟ್ಟ ಬರೆಸಲು ಹೋದವರ ಮಣಿಕಟ್ಟನ್ನು ಅವಳು ಕಚ್ಚಿದಳು. ಕ್ಷಮೆ ಕೇಳಿ ಕರೆತಂದೆ. ನಿಜ ಹೇಳಬೇಕೆಂದರೆ ನಾನೂ ಸಾವಿರಾರು ಮಕ್ಕಳ ಕೈಹಿಡಿದು ‘ಅ’ ತಿದ್ದಿಸಿದವಳೇ.

ಇನ್ನೊಂದು, ಮನಶ್ಶಾಸ್ತ್ರ ಓದಿ ಚಿತ್ರಕಲಾ ಚಿಕಿತ್ಸೆಯಲ್ಲಿ ತರಬೇತಿ ಪಡೆದ ಯುವತಿಯೊಬ್ಬರು ಭಾನುವಾರ ಬೆಳಿಗ್ಗೆ ತಮ್ಮ ಮನೆಯ ಮಹಡಿಯಲ್ಲಿ ನಡೆಸುವ ಗುಂಪು. ಐದು ಮಕ್ಕಳು, ಒಂದೂವರೆ ಗಂಟೆ, ತಲೆಗೆ 700. ಗೋಡೆಗೆ ಯಾವ ಚಿತ್ರವನ್ನೂ ಅಂಟಿಸುವುದಿಲ್ಲ, ಸ್ಪರ್ಧೆಗೆ ಕಳುಹಿಸುವುದಿಲ್ಲ, ಪ್ರತಿ ಮಗುವಿಗೂ ತನ್ನದೇ ಒಂದು ಕಡತ. ‘ಇದೇನು ಬರೆದೆ?’ ಎಂದು ಕೇಳಬಾರದೆಂಬುದು ಪೋಷಕರಿಗೆ ಹಾಕಿದ ಷರತ್ತು. ಮಗು ಕೈಗೆ ಹತ್ತಿಕೊಂಡದ್ದನ್ನು ಸಹಿಸುವುದಿಲ್ಲ ಎಂದಾಗ ಆಕೆ ಒದ್ದೆ ಜೇಡಿಮಣ್ಣನ್ನು ಜಿಪ್ ಇರುವ ಪ್ಲಾಸ್ಟಿಕ್ ಕವರಿನಲ್ಲಿ ತುಂಬಿ ಕೊಟ್ಟರು. ಕವರಿನ ಹೊರಗಿನಿಂದ ಒತ್ತಿದಳು. ಅಲ್ಲಿಗೇ ನಿಂತಿತು. ಐದು ತಿಂಗಳು ಕಳೆದರೂ ಕವರ್ ತೆರೆಯಲಿಲ್ಲ. ಕ್ರೇಯಾನ್ ಹಿಡಿದು ಒಂದೇ ಕಡೆ ಹಾಳೆ ಹರಿಯುವಷ್ಟು ತಿಕ್ಕುವುದು, ಮೇಜಿನ ಕೆಳಗೆ ಹೋಗಿ ಕೂರುವುದು, ಇಷ್ಟೇ. ಮಾತಾಡಬಲ್ಲ, ಆದರೆ ಮಾತಾಡಲು ಹೆದರುವ ಇನ್ನೊಬ್ಬ ಹುಡುಗ ಅದೇ ಕೋಣೆಯಲ್ಲಿ ನನ್ನ ಕಣ್ಣೆದುರೇ ಅರಳಿದ. ತೀರಿಹೋದ ತಾತನ ಕುರ್ಚಿಯನ್ನು ವಾರಗಟ್ಟಲೆ ಬರೆದ. ಆದ್ದರಿಂದ ಚಿತ್ರಕಲಾ ಚಿಕಿತ್ಸೆ ವ್ಯರ್ಥ ಎನ್ನಲಾರೆ. ಮನಸ್ಸಿನಲ್ಲಿ ಏನೋ ಕೂತಿದ್ದು ಬಾಯಿಗೆ ಬಾರದ ಮಗುವಿದ್ದರೆ ನಾನು ಮೊದಲು ಅಲ್ಲಿಗೇ ಕಳುಹಿಸುತ್ತೇನೆ. ನಮ್ಮ ಮಗುವಿಗೆ ಅದು ಹೊಂದಲಿಲ್ಲ.

ಇಷ್ಟರಲ್ಲಿ ಮಗ ಒಂದು ಸಂಶೋಧನೆಯ ವಿವರ ಕಳುಹಿಸಿದ, ‘ಅಮ್ಮಾ, ಇದನ್ನು ಓದಿ ನೋಡು’ ಎಂದು. 2017ರಲ್ಲಿ ಅಮೆರಿಕದ ವೈದ್ಯ ಸಂಘದ ಪತ್ರಿಕೆಯಲ್ಲಿ ಬಂದದ್ದು. ಒಂಬತ್ತು ದೇಶಗಳ 364 ಆಟಿಸಂ ಮಕ್ಕಳಲ್ಲಿ ಕೆಲವರಿಗೆ, ನಮ್ಮ ಡಬ್ಬಿಯ ಮುಚ್ಚಳಕ್ಕೆ ಉತ್ತರಿಸಿದಂಥದೇ ಸಂಗೀತ ಚಿಕಿತ್ಸೆ ಕೊಟ್ಟು ಐದು ತಿಂಗಳ ನಂತರ ಅಳೆದರೆ, ಅದನ್ನು ಪಡೆಯದ ಮಕ್ಕಳಿಗೂ ಇವರಿಗೂ ಲಕ್ಷಣಗಳ ತೀವ್ರತೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲವಂತೆ. ಒಂದು ವಾರ ಮುಖ ಊದಿಸಿಕೊಂಡಿದ್ದೆ. ಆಮೇಲೆ ಅವನೇ 2022ರ ಕಾಕ್ರೇನ್ ವಿಮರ್ಶೆಯನ್ನೂ (ಒಂದು ವಿಷಯದ ಅಧ್ಯಯನಗಳನ್ನೆಲ್ಲ ಒಟ್ಟಿಗೆ ತೂಗಿ ನೋಡುವ ವರದಿ) ಕೊಟ್ಟ: 26 ಅಧ್ಯಯನ, 1,165 ಜನ. ಒಟ್ಟಾರೆ ಸುಧಾರಣೆಯ ಸಂಭವ ಹೆಚ್ಚು, ಬದುಕಿನ ಗುಣಮಟ್ಟವೂ ತುಸು ಮೇಲು. ಆದರೆ ಚಿಕಿತ್ಸೆ ಮುಗಿದ ಕೂಡಲೇ ನೋಡಿದರೆ ಮಾತಿನಲ್ಲಿ, ಇತರರೊಡನೆ ಬೆರೆಯುವುದರಲ್ಲಿ ಸ್ಪಷ್ಟ ಏರಿಕೆಯಿಲ್ಲ. ಅಂದರೆ ‘ಮೂರು ತಿಂಗಳಲ್ಲಿ ಮಾತು ಬರಿಸುತ್ತೇವೆ’ ಎಂದು ಬೋರ್ಡು ಹಾಕಿದವರನ್ನು ಕಂಡರೆ ಚಪ್ಪಲಿ ಬಿಡದೆ ಹಿಂತಿರುಗಿ ಎಂದಾಯಿತು. ಬೋರ್ಡು ಹಾಕುವುದಕ್ಕೆ ಇಲ್ಲಿ ಕಷ್ಟವೇನೂ ಇಲ್ಲ. 1992ರ ಕಾಯ್ದೆಯ ಭಾರತೀಯ ಪುನರ್ವಸತಿ ಪರಿಷತ್ತು ವಾಕ್ ತಜ್ಞರನ್ನು, ವಿಶೇಷ ಶಿಕ್ಷಕರನ್ನು, ಹೀಗೆ 16 ಬಗೆಯ ವೃತ್ತಿಯವರನ್ನು ನೋಂದಾಯಿಸುತ್ತದೆ. ಸಂಗೀತ ಚಿಕಿತ್ಸಕರು, ಚಿತ್ರಕಲಾ ಚಿಕಿತ್ಸಕರು ಆ ಪಟ್ಟಿಯಲ್ಲಿಲ್ಲ. ಎಲ್ಲಿ ಓದಿದಿರಿ, ಎಷ್ಟು ವರ್ಷ, ಇಂಥ ಎಷ್ಟು ಮಕ್ಕಳನ್ನು ನೋಡಿದ್ದೀರಿ ಎಂದು ನಾವೇ ಬಾಯಿಬಿಟ್ಟು ಕೇಳಬೇಕು. ನಾನು ಕೇಳಿದೆ. ಬೆಂಗಳೂರಿನವರೂ ಭಾನುವಾರದವರೂ ಬೇಸರಿಸದೆ ಹೇಳಿದರು. ಇನ್ನೊಂದು ಕಡೆ ಬೇಸರಿಸಿಕೊಂಡರು. ಆ ಜಾಗ ನನ್ನ ಪುಸ್ತಕದಲ್ಲಿ ಒಂದೇ ದಿನ ಇದೆ.

ಖರ್ಚಿನ ವಿಚಾರಕ್ಕೆ ಒಂದು ಮಾತು. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆಯಲ್ಲಿ ಆಟಿಸಂ ಇರುವ ಮಕ್ಕಳಿಗೆ ವರ್ಷಕ್ಕೆ ಒಂದು ಲಕ್ಷದವರೆಗೆ ರಕ್ಷಣೆ ಇದೆ. ಮಾಡಿಸಿಲ್ಲದವರು ಮೊದಲು ಅದನ್ನು ಮಾಡಿಸಿ, ಆಮೇಲೆ ಡೋಲು ಕೊಳ್ಳಿ.

ಈಗ ಮೂರನೇ ಅಡ್ಡರಸ್ತೆಗೆ ಬರುತ್ತೇನೆ. ಅಲ್ಲಿ ಮೃದಂಗದ ಮೇಷ್ಟ್ರೊಬ್ಬರಿದ್ದಾರೆ. ಚಿಕಿತ್ಸೆ ಎಂಬ ಪದವನ್ನೇ ಅವರು ಬಳಸುವುದಿಲ್ಲ. ‘ಟೀಚರಮ್ಮ, ಕಲಿಯದಿದ್ದರೆ ಬಯ್ಯುವುದು ಗೊತ್ತು ನನಗೆ, ಬೇರೇನೂ ಗೊತ್ತಿಲ್ಲ’ ಎಂದು ಮೊದಲೇ ಕೈಮುಗಿದರು. ಬಯ್ಯಬೇಡಿ, ಕಲಿಸಲೂ ಬೇಡಿ, ಅವಳು ತಟ್ಟಿದ್ದಕ್ಕೆ ತಟ್ಟಿ, ಆಮೇಲೆ ಸುಮ್ಮನಿರಿ ಎಂದೆ. ವಿಡಿಯೊ ಕರೆಯಲ್ಲಿ ನಾನು ಕಲಿತ ಹತ್ತು ಎಣಿಸುವ ವಿದ್ಯೆಯನ್ನು ಅರವತ್ತೆಂಟರ ಮೇಷ್ಟ್ರಿಗೆ ದಾಟಿಸಿದೆ. ವಾರಕ್ಕೆರಡು ದಿನ ಇಪ್ಪತ್ತು ಇಪ್ಪತ್ತು ನಿಮಿಷ, ತಿಂಗಳಿಗೆ 800, ನಡೆದು ಹೋಗುವ ದಾರಿ ನಾಲ್ಕು ನಿಮಿಷ.

ಮೃದಂಗ ನುಡಿಸುವ ಮುಂಚೆ ಎಡಮುಖದ ನಡುವೆ ರವೆ ಕಲಸಿದ ಹಿಟ್ಟನ್ನು ಮೆತ್ತುತ್ತಾರೆ. ಆ ಗಂಭೀರ ನಾದ ಬರುವುದು ಅದರಿಂದ. ನುಡಿಸಿ ಮುಗಿಸಿದ ಮೇಲೆ ಕೆರೆದು ತೆಗೆಯುತ್ತಾರೆ. ಮೂರನೇ ವಾರ ಮೇಷ್ಟ್ರು ಬಟ್ಟಲಿನಲ್ಲಿ ರವೆಗೆ ನೀರು ಚಿಮುಕಿಸಿ ಕಲಸುತ್ತಿದ್ದರು. ಪುಟ್ಟಿ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು ನೋಡುತ್ತಿದ್ದವಳು ಒಂದು ಬೆರಳು ಚಾಚಿದಳು. ಹಿಂದಕ್ಕೆಳೆದುಕೊಂಡಳು. ಮೇಷ್ಟ್ರು ಮಾತಾಡಲಿಲ್ಲ, ತುಟಿ ಅಲುಗುತ್ತಿದ್ದದ್ದು ನೋಡಿದರೆ ಎಣಿಸುತ್ತಿದ್ದರು. ಮತ್ತೆ ಬೆರಳು ಬಂತು, ಹಿಟ್ಟಿನಲ್ಲಿ ಒಂದು ಗುಳಿ ಬಿತ್ತು. ಐದು ತಿಂಗಳು ಜೇಡಿಮಣ್ಣಿನ ಕವರ್ ತೆರೆಯದ ಕೈ ಅದು. ಈಗ ಹಿಟ್ಟು ಮೆತ್ತುವುದು ಅವಳ ಕೆಲಸ. ಮೆತ್ತಿ, ಅಂಗೈಯಿಂದ ಒತ್ತಿ, ಒಮ್ಮೆ ತಟ್ಟಿ, ‘ತೊಂ’ ಎನ್ನುತ್ತಾಳೆ. ‘ತ ಧಿ ತೊಂ ನಂ’ ಎಂಬ ಮೊದಲ ಪಾಠದಲ್ಲಿ ಅವಳು ಆರಿಸಿಕೊಂಡದ್ದು ಅದೊಂದನ್ನೇ. ಉಳಿದ ಮೂರನ್ನು ಮೇಷ್ಟ್ರು ಹೇಳಿಕೊಳ್ಳುತ್ತಾರೆ. ಮಾತು ಬಂತೆಂದು ನಾನು ಬರೆಯುತ್ತಿಲ್ಲ. ಬೆರಳೆಣಿಕೆಗೆ ಒಂದು ಸೇರಿತು, ಅಷ್ಟೇ.

ಫೋನ್ ಮಾಡಿದವರಿಗೆ ಹಾಗಾಗಿ ನಾನು ಹೇಳುವುದು: ಬೆಂಗಳೂರಿನಂಥ ಕಡೆ ತರಬೇತಾದವರ ಬಳಿ ನಾಲ್ಕೈದು ಸಲವಾದರೂ ಹೋಗಿ, ಆದರೆ ಮಗುವಿನಷ್ಟೇ ನೀವೂ ಕಲಿಯಲು ಹೋಗಿ. ಕಲಿತದ್ದನ್ನು ನಡೆದು ತಲುಪುವಷ್ಟು ಹತ್ತಿರದಲ್ಲಿ ಯಾರಿಗಾದರೂ ದಾಟಿಸಿ. ಆ ಕಲಿಕೆಯಿಲ್ಲದೆ ನೇರವಾಗಿ ಮೇಷ್ಟ್ರ ಮನೆಗೆ ಹೋಗಿದ್ದರೆ ಅದೂ ಇನ್ನೊಂದು ತೆಂಗಿನಮರವಾಗುತ್ತಿತ್ತು. ಚಿಕಿತ್ಸಕಿಯೊಂದಿಗೆ ಈಗಲೂ ತಿಂಗಳಿಗೊಮ್ಮೆ ವಿಡಿಯೊ ಕರೆ ಇಟ್ಟುಕೊಂಡಿದ್ದೇವೆ. ಮೇಷ್ಟ್ರೂ ಬಂದು ಕೂರುತ್ತಾರೆ, ಅವರ ಪ್ರಶ್ನೆಗಳೇ ಹೆಚ್ಚು. ಭಾನುವಾರದ ಗುಂಪಿನವರು ಪುಟ್ಟಿಯ ಕಡತವನ್ನು ಇನ್ನೂ ಎತ್ತಿಟ್ಟಿದ್ದಾರಂತೆ.

ಒಂದೇ ಒಂದು ತೊಂದರೆ ಇದೆ. ಬೆಳಿಗ್ಗೆ ಉಪ್ಪಿಟ್ಟಿಗೆಂದು ರವೆ ಡಬ್ಬಿ ತೆಗೆದ ಸದ್ದಾದರೆ ಸಾಕು, ಪುಟ್ಟಿ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿರುತ್ತಾಳೆ. ಮೇಷ್ಟ್ರ ಮನೆಯಲ್ಲಿ ಆ ಹೊತ್ತಿಗೆ ಇನ್ನೂ ಕಾಫಿ ಆಗಿರುವುದಿಲ್ಲ.